ಅಂಬರ್, ಸಂದಲ್, ರೈಹಾನ್: ತುಮಕೂರು ರಸ್ತೆಯಿಂದ ಶುರುವಾಗುವ ಗುಲಾಮರ ಇತಿಹಾಸ

ಮಾಕಳಿ ಬಸ್ ಸ್ಟಾಪಿನಲ್ಲಿ ನಿಂತು ನೆಲಮಂಗಲದ ಕಡೆ ಮುಖ ಮಾಡಿದರೆ, ಇದೇ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರಿಗೆ ಶಿರಾ ಸಿಗುತ್ತೆ. ನಮ್ಮಲ್ಲಿ ಹೆಚ್ಚಿನವರಿಗೆ ಶಿರಾ ಅಂದರೆ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಬಂದು ಹೋಗೋ ಒಂದು ಬೋರ್ಡ್ ಅಷ್ಟೇ. ಆ ಊರಿನೊಳಗೆ ಮಲಿಕ್ ರೈಹಾನ್ ಎಂಬುವವನ ದರ್ಗಾ ಇದೆ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಶಿರಾ ಸೀಮೆಯನ್ನು ಆಳಿದವನು ಅವನು, ಗೋರಿ 1651ರದ್ದು. ಕಲ್ಲಿನ ಕಟ್ಟಡ, ಮೇಲೆ ಗುಮ್ಮಟ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಆದರೆ ನಮ್ಮ ಕುತೂಹಲ ಕಟ್ಟಡದ ಮೇಲಲ್ಲ, ಅವನ ಹೆಸರಿನ ಮೇಲೆ.

ರೈಹಾನ್ ಅಂದರೆ ಕಾಮಕಸ್ತೂರಿ. ಘಮಘಮ ಅನ್ನೋ ಎಲೆ. ಮಧ್ಯಕಾಲದ ಇತಿಹಾಸ ಓದುವಾಗ ಈ ಥರದ ಹೆಸರುಗಳು ಒಂದಾದ ಮೇಲೊಂದು ಬರುತ್ತವೆ. ಕಾಫೂರ್ ಅಂದರೆ ಕರ್ಪೂರ, ಸಂದಲ್ ಅಂದರೆ ಶ್ರೀಗಂಧ, ಯಾಕೂತ್ ಅಂದರೆ ಮಾಣಿಕ್ಯ, ಮರ್ಜಾನ್ ಅಂದರೆ ಹವಳ. ಅಂಬರ್ ಅಂದರೆ ಅಂಬರ್‌ಗ್ರೀಸ್. ‘ತಿಮಿಂಗಿಲದ ವಾಂತಿ ಮಾರಲು ಬಂದವರ ಬಂಧನ’ ಅಂತ ಆಗಾಗ ಪೇಪರಲ್ಲಿ ಬರುತ್ತಲ್ಲ, ಅದೇ. ಇವು ಅಪ್ಪ ಅಮ್ಮ ಇಟ್ಟ ಹೆಸರುಗಳಲ್ಲ, ಕೊಂಡವರು ಇಟ್ಟ ಹೆಸರುಗಳು. ಗುಲಾಮರಿಗೆ ಸುಗಂಧದ್ರವ್ಯದ ಅಥವಾ ರತ್ನದ ಹೆಸರಿಡುವುದು ಆಗ ರೂಢಿ. ಅಂಗಡಿಯಲ್ಲಿ ಸಿಗುವ ಬೆಲೆಬಾಳುವ ಸಾಮಾನಿನ ಹೆಸರನ್ನೇ ಅಂಗಡಿಯಲ್ಲಿ ಸಿಗುವ ಮನುಷ್ಯನಿಗೂ ಇಡುತ್ತಿದ್ದರು. ಶಿರಾದ ರೈಹಾನನ ಹೆಸರು ನೋಡಿದರೆ ಅವನೂ ಇದೇ ಸಾಲಿನಿಂದ ಬಂದವನು ಅಂತಲೇ ನಮಗೆ ಅನ್ನಿಸುತ್ತೆ.

ನಮ್ಮಂಥ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಗುಲಾಮಗಿರಿ ಅಂದ ತಕ್ಷಣ ಅಮೆರಿಕ ನೆನಪಾಗುತ್ತೆ. ಲಿಂಕನ್, ಹತ್ತಿ ಹೊಲ, ಸರಪಳಿ. ಹೆಚ್ಚೆಂದರೆ ಫ್ರೆಡರಿಕ್ ಡಗ್ಲಾಸ್. ಡಗ್ಲಾಸ್ ಗುಲಾಮನಾಗಿ ಹುಟ್ಟಿ, 1838ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನಿಂದ ತಪ್ಪಿಸಿಕೊಂಡು, 1845ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಪ್ರಕಟಿಸಿದ. ಆಮೇಲೆ ಬದುಕಿಡೀ ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿಕೊಂಡು ಓಡಾಡಿದ. ವಾಷಿಂಗ್ಟನ್ನಿನಲ್ಲಿ ಅವನು ಕೊನೆಯವರೆಗೆ ಇದ್ದ ಮನೆಯನ್ನು ಅಲ್ಲಿನ ಸರ್ಕಾರ ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡಿದೆ, ಜನ ಟಿಕೆಟ್ ಬುಕ್ ಮಾಡಿ ಹೋಗಿ ನೋಡುತ್ತಾರೆ. ನಮ್ಮಲ್ಲಿ ಅಂಥ ಜಾಗಗಳು ಇಲ್ಲವಾ? ಇವೆ. ಆದರೆ ಅಲ್ಲಿಗೆ ಹೋದವರು ‘ಆದಿಲ್‌ಶಾಹಿ ಶೈಲಿ’ ಅಂತ ಓದಿ, ಫೋಟೊ ತೆಗೆದು ವಾಪಸ್ ಬರುತ್ತಾರೆ. ಹಾಗಾಗಿ ಕನ್ನಡ ಸಂಘದ ನಾವು ಆರು ಜನ ಸೆಮಿಸ್ಟರ್ ರಜೆಯಲ್ಲಿ ಶಿರಾ ನೋಡಿಕೊಂಡು ವಿಜಯಪುರಕ್ಕೆ ಹೋಗಿಬಂದೆವು. ಅಲ್ಲಿ ಏನೇನು ನೋಡಬೇಕು, ಯಾಕೆ ನೋಡಬೇಕು ಅನ್ನೋದೇ ಈ ಲೇಖನ.

ಮೊದಲು ಮಲಿಕ್ ಅಂಬರ್ ಕಥೆ ಹೇಳಬೇಕು, ಅದಿಲ್ಲದೆ ಉಳಿದದ್ದು ಅರ್ಥವಾಗಲ್ಲ.

ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿದ ಹುಡುಗ. ಚಾಪು ಅಂತ ಹೆಸರು. ಚಿಕ್ಕವನಿದ್ದಾಗಲೇ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿದ. ಕೆಂಪು ಸಮುದ್ರದ ಮೋಖಾ ಬಂದರಿನಲ್ಲಿ 20 ಡುಕಾಟ್ ನಾಣ್ಯಕ್ಕೆ ಮಾರಾಟವಾದ ಅಂತ, ಅವನನ್ನು ಮುಂದೆ ಮುಖತಃ ಕಂಡ ಒಬ್ಬ ಡಚ್ ವ್ಯಾಪಾರಿ ಬರೆದಿಟ್ಟಿದ್ದಾನೆ. (ಕೆಫೆಗಳ ಮೆನುವಿನಲ್ಲಿ ‘ಮೋಕಾ’ ಅಂತ ಇರುತ್ತಲ್ಲ, ಆ ಹೆಸರು ಬಂದಿದ್ದು ಇದೇ ಬಂದರಿನಿಂದ.) ಅಲ್ಲಿಂದ ಬಾಗ್ದಾದ್. ಅಲ್ಲಿನ ಯಜಮಾನ ಓದು ಬರಹ ಕಲಿಸಿ ಅಂಬರ್ ಎಂದು ಹೆಸರಿಟ್ಟ. 1570ರ ದಶಕದ ಆರಂಭದಲ್ಲಿ ದಖ್ಖನಿಗೆ ಬಂದ ಅವನನ್ನು ಅಹಮದ್‌ನಗರದ ನಿಜಾಮ್‌ಶಾಹಿಯ ಪೇಶ್ವೆ ಚಂಗೀಜ್ ಖಾನ್ ಕೊಂಡುಕೊಂಡ. ಮಂಗೋಲಿಯಾದ ಚೆಂಗೀಸ್ ಖಾನನಿಗೂ ಇವನಿಗೂ ಸಂಬಂಧ ಇಲ್ಲ. ಈ ಚಂಗೀಜ್ ಖಾನ್ ಕೂಡ ಹಬ್ಶಿ, ಅಂದರೆ ಅಬಿಸೀನಿಯಾದವನು. ತಾನೂ ಒಂದು ಕಾಲದಲ್ಲಿ ಗುಲಾಮನಾಗಿದ್ದವನೇ.

ರಾಜರು ಅಷ್ಟು ದೂರದಿಂದ ಯಾಕೆ ಜನರನ್ನು ತರಿಸುತ್ತಿದ್ದರು? ಹೊಲದ ಕೆಲಸಕ್ಕಲ್ಲ, ಯುದ್ಧಕ್ಕೆ, ಅರಮನೆಯ ಕಾವಲಿಗೆ. ಸ್ಥಳೀಯ ಸರದಾರನಿಗೆ ಅಣ್ಣ ತಮ್ಮ, ಮಾವ, ಭಾವ, ಊರು, ಜಮೀನು ಎಲ್ಲ ಇರುತ್ತೆ. ಅವನು ಯಾವಾಗ ಬೇಕಾದರೂ ತಿರುಗಿಬೀಳಬಹುದು. ಸಮುದ್ರದಾಚೆಯಿಂದ ತಂದ ಹುಡುಗನಿಗೆ ಇಲ್ಲಿ ಒಂದು ನರಪಿಳ್ಳೆಯೂ ಗೊತ್ತಿಲ್ಲ. ಯಜಮಾನನೇ ಅವನ ಕುಲ, ಅವನೇ ಅವನ ಊರು. ಈ ಒಂಟಿತನವನ್ನೇ ‘ನಿಷ್ಠೆ’ ಅಂತ ಕರೆದು ಅದರ ಮೇಲೆ ಒಂದು ವ್ಯವಸ್ಥೆ ಕಟ್ಟಿದ್ದರು. ಯಜಮಾನ ಸತ್ತಾಗ ಬಿಡುಗಡೆಯಾಗಿ, ಸೈನಿಕನಾಗಿ ಮೇಲೇರುವ ದಾರಿಯೂ ಅದರೊಳಗೇ ಇತ್ತು. ಚಂಗೀಜ್ ಖಾನ್ ಸತ್ತ ಮೇಲೆ ಅವನ ಹೆಂಡತಿ ಅಂಬರನನ್ನು ಬಿಡುಗಡೆ ಮಾಡಿದಳು.

ಆಮೇಲೆ ಅವನು ಬಂದಿದ್ದು ನಮ್ಮ ಬಿಜಾಪುರಕ್ಕೆ. ಸುಮಾರು ಇಪ್ಪತ್ತು ವರ್ಷ ಇಲ್ಲೇ ಸೇವೆಯಲ್ಲಿದ್ದ. ‘ಮಲಿಕ್’ ಎಂಬ ಬಿರುದು ಕೊಟ್ಟಿದ್ದು ಬಿಜಾಪುರದ ಸುಲ್ತಾನನೇ. 1595ರ ಹೊತ್ತಿಗೆ ಅಹಮದ್‌ನಗರಕ್ಕೆ ಮರಳಿದ. 1600ರಲ್ಲಿ ಆ ಕೋಟೆ ಮೊಘಲರಿಗೆ ಬಿದ್ದ ಮೇಲೆ ನಿಜಾಮ್‌ಶಾಹಿ ವಂಶದ ಒಬ್ಬನನ್ನು ಹುಡುಕಿ ಪಟ್ಟಕ್ಕೆ ಕೂರಿಸಿ, ಅವನಿಗೆ ತನ್ನ ಮಗಳನ್ನು ಕೊಟ್ಟು, ಮುಂದಿನ ಕಾಲು ಶತಮಾನ ಮೊಘಲರನ್ನು ದಖ್ಖನಿನ ಬಾಗಿಲಲ್ಲೇ ತಡೆದು ನಿಲ್ಲಿಸಿದ. ಜಹಾಂಗೀರನಿಗೆ ಇವನ ಮೇಲೆ ಎಷ್ಟು ಸಿಟ್ಟು ಅಂದರೆ, ಭೂಗೋಳದ ಮೇಲೆ ನಿಂತು ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಆಸ್ಥಾನದ ಕಲಾವಿದ ಅಬುಲ್ ಹಸನ್ ಕೈಲಿ ಚಿತ್ರ ಬರೆಸಿದ. ಆ ಚಿತ್ರ ಈಗ ಡಬ್ಲಿನ್ನಿನ ಮ್ಯೂಸಿಯಂನಲ್ಲಿದೆ. ಚಿತ್ರದಲ್ಲಿ ಮಾತ್ರ ಆ ತಲೆ ಜಹಾಂಗೀರನಿಗೆ ಸಿಕ್ಕಿತು. ಅಂಬರ್ 1626ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಸಹಜವಾಗಿ ತೀರಿಕೊಂಡ.

ಬೆಂಗಳೂರಿಗೂ ಇವನಿಗೂ ಒಂದು ನಂಟಿದೆ. ಅಂಬರನ ಸೈನ್ಯದಲ್ಲಿ ಬೆಳೆದ ಸರದಾರರಲ್ಲಿ ಶಹಾಜಿ ಭೋಸಲೆ ಒಬ್ಬ, ಶಿವಾಜಿಯ ತಂದೆ. ಮುಂದೆ ಬಿಜಾಪುರದ ಸೇವೆಗೆ ಸೇರಿದ ಶಹಾಜಿಗೆ, 1638ರಲ್ಲಿ ರಣದುಲ್ಲಾ ಖಾನ್ ಗೆದ್ದ ಬೆಂಗಳೂರು ಜಹಗೀರಾಗಿ ಸಿಕ್ಕಿತು. ಬೆಂಗಳೂರು ಬಿಟ್ಟುಕೊಟ್ಟ ಮೂರನೇ ಕೆಂಪೇಗೌಡ ಮಾಗಡಿಗೆ ಹೋದ. ಮಾಕಳಿಯಿಂದ ಮಾಗಡಿ ಎಷ್ಟು ಹತ್ತಿರ ಅಂತ ನಮಗೆಲ್ಲ ಗೊತ್ತೇ ಇದೆ.

ಈಗ ಜಾಗಗಳಿಗೆ ಬರೋಣ. ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಇಳಿಯುತ್ತಾರೆ. (ಪಿಸುಗುಟ್ಟೋಕೆ ಕಟ್ಟಿರೋ ಜಾಗದಲ್ಲಿ ಯಾಕೆ ಕೂಗ್ತಾರೋ!) ಅದನ್ನು ಬೆಳಿಗ್ಗೆ ಬೇಗ ಮುಗಿಸಿ ಇಬ್ರಾಹಿಂ ರೋಜಾಕ್ಕೆ ಹೋಗಿ, ಅಲ್ಲಿ ಅರ್ಧ ದಿನ ಇಟ್ಟುಕೊಳ್ಳಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ ಇದು. ಮೊದಲು ರಾಣಿ ತಾಜ್ ಸುಲ್ತಾನಳಿಗಾಗಿ ಶುರುವಾದದ್ದು, 1627ರಲ್ಲಿ ಸುಲ್ತಾನನೇ ಮೊದಲು ತೀರಿಕೊಂಡ. ಕಟ್ಟಿಸಿದ ಉಸ್ತುವಾರಿ ಮಲಿಕ್ ಸಂದಲನದು. ಅಬಿಸೀನಿಯಾದಿಂದ ಬಂದವನು, ಅಂತಃಪುರದ ಸೇವೆಗೆಂದು ಬೀಜ ಒಡೆಸಿದ್ದ ಖೋಜಾ. ಬಾಗಿಲ ಮೇಲಿನ ಪರ್ಶಿಯನ್ ಶಾಸನದಲ್ಲಿ ಅವನ ಹೆಸರಿದೆ, ಒಂದೂವರೆ ಲಕ್ಷ ಹೊನ್ನು ಖರ್ಚಾಯಿತು ಅಂತಲೂ ಇದೆ. ಇಂಥ ಶಾಸನಗಳಲ್ಲಿ ಕೆಲಸ ಮಾಡಿಸಿದವನ ಹೆಸರು ಬರುವುದೇ ಅಪರೂಪ.

ಸಿವಿಲ್‌ನವರು ಒಳಗೆ ಹೋಗಿ ಮೊದಲು ತಲೆ ಎತ್ತಿ ನೋಡಿ. ಸುಮಾರು 40 ಅಡಿ ಚೌಕದ ಕೋಣೆ, ನಡುವೆ ಒಂದೂ ಕಂಬ ಇಲ್ಲ, ಆದರೆ ಮೇಲಿರುವುದು ಕಲ್ಲಿನ ಚಾವಣಿ, ಅದರ ನಡುಭಾಗ ಚಪ್ಪಟೆ! ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ ಅಂತ ಎರಡನೇ ಸೆಮಿಸ್ಟರಿನಲ್ಲೇ ಓದಿದ್ದೇವೆ. ಹಾಗಿದ್ದರೆ ಇದು ಹೇಗೆ ನಿಂತಿದೆ? ನೋಡುತ್ತಾ ಹೋದರೆ ಸ್ವಲ್ಪ ಸ್ವಲ್ಪ ಬಿಡಿಸಬಹುದು. ನಾಲ್ಕೂ ಕಡೆಯಿಂದ ಗೋಡೆ ಮೇಲೆ ಹೋದಂತೆ ಒಳಕ್ಕೆ ಬಾಗುತ್ತಾ ಬರುತ್ತೆ. ಅದರಿಂದ ನಿಜವಾಗಿ ಚಪ್ಪಟೆಯಾಗಿರುವ ಭಾಗದ ಅಗಲ ತುಂಬಾ ಕಡಿಮೆಯಾಗುತ್ತೆ. ಎರಡನೆಯದು, ಹೊರಗೆ ಕಾಣುವ ಗುಮ್ಮಟದ ಭಾರ ಈ ಚಾವಣಿಯ ಮೇಲೆ ಇಲ್ಲವೇ ಇಲ್ಲ. ಎರಡರ ನಡುವೆ ಇನ್ನೊಂದು ಖಾಲಿ ಕೋಣೆ ಇದೆ, ಗುಮ್ಮಟದ ಭಾರ ನೇರ ಗೋಡೆಗಿಳಿಯುತ್ತೆ. ಉಳಿದದ್ದು ಗಾರೆಯ ಕೆಲಸ. ಕಲ್ಲುಚಪ್ಪಡಿಗಳನ್ನು ಎಂಥ ಸುಣ್ಣದ ಗಾರೆಯಿಂದ ಬೆಸೆದಿದ್ದಾರೆ ಅಂದರೆ, ಇಡೀ ಚಾವಣಿ ಒಂದೇ ಹಲಗೆಯ ಹಾಗೆ ವರ್ತಿಸುತ್ತೆ. ನಾಲ್ಕುನೂರು ವರ್ಷ. ನಮ್ಮ ಹಾಸ್ಟೆಲಿನ ಮೂರನೇ ಮಹಡಿಯ ಸೋರಿಕೆ ಬಗ್ಗೆ ಇಲ್ಲಿ ಏನೂ ಬರೆಯಲ್ಲ.

ಅಲ್ಲಿಂದ ತಾಜ್ ಬಾವಡಿ ದೂರವಿಲ್ಲ. 1620ರಲ್ಲಿ ಇದನ್ನೂ ಕಟ್ಟಿಸಿದವನು ಸಂದಲನೇ ಅನ್ನುತ್ತಾರೆ, ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ. ಬಾವಿ ಅಂದರೆ ನಾವು ಅಂದುಕೊಳ್ಳೋ ಬಾವಿಯಲ್ಲ, ಒಂದೊಂದು ಬದಿ ಇನ್ನೂರು ಅಡಿಗೂ ಹೆಚ್ಚಿರುವ ಕೊಳ. ಎದುರಿಗೆ ದೊಡ್ಡ ಕಮಾನು, ಅಕ್ಕಪಕ್ಕ ಎಂಟು ಮೂಲೆಯ ಬುರುಜುಗಳು. ಕೆಲವು ವರ್ಷಗಳ ಹಿಂದೆ ಹೂಳು ತೆಗೆಸಿದ್ದಾರೆ. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬರು ಅಜ್ಜಾರು ನಮ್ಮನ್ನು ನೋಡಿ, “ಬೆಂಗಳೂರಿನವರೇನ್ರಿ? ಬರ್ರಿ, ಕೂಡ್ರಿ. ನಾವು ಸಣ್ಣವರಿದ್ದಾಗ ಇಲ್ಲೇ ಈಸು ಕಲ್ತೇವ್ರಿ” ಅಂದರು. ಕಟ್ಟಿಸಿದವರು ಯಾರು ಅಂತ ಕೇಳಿದೆವು. “ಸಂದಲ್ ಸಾಹೇಬ್ರು” ಅಂದರು ತಡಮಾಡದೆ. ಪುಸ್ತಕ ನೋಡಿ ಹೇಳಿದ ಹಾಗಿರಲಿಲ್ಲ, ಪಕ್ಕದ ಓಣಿಯ ಯಾರೋ ಹಿರಿಯರ ಹೆಸರು ಹೇಳಿದ ಹಾಗಿತ್ತು.

ಜಾಮಿ ಮಸೀದಿಯಲ್ಲಿ ನೋಡಬೇಕಾದ್ದು ಮಿಹ್ರಾಬ್. ಚಿನ್ನದ ಬಣ್ಣದ ಚಿತ್ತಾರ ತುಂಬಿದ ಪಶ್ಚಿಮದ ಗೋಡೆ. 1636ರಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಆದ ಕೆಲಸ. ಮಾಡಿದವನ ಹೆಸರು ಯಾಕೂತ್ ದಾಬೂಲಿ ಅಂತ ಗೋಡೆಯ ಮೇಲೇ ಬರೆದಿದೆ, ಸುಲ್ತಾನನ ಗುಲಾಮ ಅಂತಲೂ ಬರೆದಿದೆ. ಆಗಿನ ಕಾಲದಲ್ಲಿ ದೊಡ್ಡ ಅಧಿಕಾರಿಗಳೂ ವಿನಯಕ್ಕೆ ಹಾಗೆ ಬರೆದುಕೊಳ್ಳುತ್ತಿದ್ದರು, ನಿಜ. ಆದರೆ ಹೆಸರೇ ಮಾಣಿಕ್ಯ ಅಂತಿರುವವನು ಹಾಗೆ ಬರೆದಾಗ ನಾವು ಅದನ್ನು ಬರೀ ವಿನಯ ಅಂತ ಓದಲು ಆಗಲಿಲ್ಲ.

ಕೊನೆಗೆ ಊರಿನ ಪಶ್ಚಿಮಕ್ಕೆ ತೊರವಿ. ಅಲ್ಲಿನ ನೌರಸ್‌ಪುರ ಈಗ ಪಾಳು. ಸಂಗೀತದ ಹುಚ್ಚಿನ ಇಬ್ರಾಹಿಂ 1599ರಲ್ಲಿ ಹೊಸ ರಾಜಧಾನಿ ಕಟ್ಟಲು ಹೊರಟ ಜಾಗ. ಸಂಗೀತ ಮಹಲ್ ಇವತ್ತಿಗೂ ಮುರುಕಾಗಿ ನಿಂತಿದೆ. ಇದನ್ನು ಸುಟ್ಟಿದ್ದು ಯಾರು? ಮಲಿಕ್ ಅಂಬರ್! 1624ರಲ್ಲಿ ಮೊಘಲರೂ ಬಿಜಾಪುರದವರೂ ಸೇರಿ ಅವನ ಮೇಲೆ ಹೋದಾಗ, ಅಹಮದ್‌ನಗರದ ಹತ್ತಿರ ಭಾತವಡಿಯಲ್ಲಿ ಕೆರೆಯ ನೀರು ನುಗ್ಗಿಸಿ ಅವರ ಪಾಳೆಯವನ್ನು ಕೆಸರು ಮಾಡಿ ಸೋಲಿಸಿದ. ಆಮೇಲೆ ನೇರ ಇಲ್ಲಿಗೆ ಬಂದು ಬಿಜಾಪುರಕ್ಕೆ ಮುತ್ತಿಗೆ ಹಾಕಿ, ನೌರಸ್‌ಪುರವನ್ನು ಹಾಳುಗೆಡವಿದ. ತನಗೆ ‘ಮಲಿಕ್’ ಬಿರುದು ಕೊಟ್ಟ ರಾಜ್ಯದ ಹೊಸ ಊರನ್ನೇ. ಆ ಕಾಲದಲ್ಲೇ ಸಂದಲ್ ಬಿಜಾಪುರದ ಸೇವೆಯಲ್ಲಿದ್ದ. ಇಬ್ಬರೂ ಒಂದೇ ಸಮುದ್ರ ದಾಟಿ ಬಂದವರು, ಒಬ್ಬ ಬಿಜಾಪುರದ ಪರ, ಇನ್ನೊಬ್ಬ ವಿರುದ್ಧ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅಂಬರ್ ಡಗ್ಲಾಸ್ ಅಲ್ಲ. ತಾನು ಬಿಡುಗಡೆಯಾದ ಮೇಲೆ ಅವನು ಗುಲಾಮಗಿರಿಯನ್ನು ಪ್ರಶ್ನೆ ಮಾಡಲಿಲ್ಲ. ತನ್ನ ಸೈನ್ಯಕ್ಕೆ ತಾನೇ ಹಬ್ಶಿಗಳನ್ನು ಕೊಂಡು ತರಿಸಿದ. ಏಣಿ ಹತ್ತಿದವನು ಏಣಿಯನ್ನು ಮುರಿಯಲಿಲ್ಲ. ಸಂಘದ ಮೀಟಿಂಗಿನಲ್ಲಿ ಈ ಬಗ್ಗೆ ಜೋರು ಜಗಳವೇ ಆಯ್ತು. ‘ಆ ಕಾಲದಲ್ಲಿ ಹಾಗೆ ಯೋಚಿಸೋಕೆ ಸಾಧ್ಯವೇ ಇರಲಿಲ್ಲ’ ಅಂತ ಕೆಲವರು. ‘ಸಾಧ್ಯವಿತ್ತು, ಮಾಡಿದವರು ಇದ್ದಾರೆ’ ಅಂದಿದ್ದು ನಮ್ಮ ಒಬ್ಬ ಗೆಳತಿ. ಅವಳು ಯಲ್ಲಾಪುರದ ಕಡೆಯವಳು, ಸಿದ್ದಿ.

ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ಶತಮಾನಗಳಿಂದ ಇರುವವರು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ವಂಶದವರು ಇವರಲ್ಲಿ ಬಹಳ ಜನ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ದಮಾಮಿ ಅನ್ನೋ ಅವರ ಡೋಲಿನ ಕುಣಿತ ನಮ್ಮ ಕಾಲೇಜು ಫೆಸ್ಟ್‌ಗಳಿಗೂ ಬಂದಿದೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದ ಮೊದಲ ಸಿದ್ದಿ.

ಗೆಳತಿಯ ವಾದ ಸರಳ. ಯಾವ ರಾಜನೂ, ಯಾವ ಕಾಯ್ದೆಯೂ ಬಿಡುಗಡೆ ಮಾಡಲಿ ಅಂತ ಅವರು ಕಾಯಲಿಲ್ಲ. ಓಡಿದರು. ಓಡಿಹೋಗಿ, ಹಿಂದೆ ಬರುವವರಿಗೂ ಜಾಗ ಮಾಡಿಕೊಟ್ಟರು. ಅದಕ್ಕಿಂತ ದೊಡ್ಡ ಗುಲಾಮಗಿರಿ ನಿರ್ಮೂಲನೆ ಯಾವುದು? ಅವರಿಗೆ ಗುಮ್ಮಟ ಇಲ್ಲ, ಶಾಸನ ಇಲ್ಲ. ಅಡಗುವುದೇ ಉಳಿಯುವ ದಾರಿಯಾದಾಗ ಯಾರು ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ? ಹಾಗಾಗಿ ಅವರ ಸ್ಮಾರಕ ನೋಡಬೇಕಂದರೆ ಯಲ್ಲಾಪುರದ ಕಾಡನ್ನೇ ನೋಡಬೇಕು ಅನ್ನುತ್ತಾಳೆ ಅವಳು. ಈ ವಾದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅವಳಿಗೆ ಇದು ಬರೀ ಇತಿಹಾಸ ಅಲ್ಲ. ಬೆಂಗಳೂರಿಗೆ ಬಂದ ಮೊದಲ ವಾರ ಒಂದು ಪಿಜಿಯಲ್ಲಿ ಅವಳ ಪಾಸ್‌ಪೋರ್ಟ್, ವೀಸಾ ಕೇಳಿದರು. ಆಧಾರ್ ಕೊಟ್ಟರೆ ‘ಇದು ಡೂಪ್ಲಿಕೇಟ್ ಅಲ್ವಾ’ ಅಂದರು. “ನಾನು ಯಲ್ಲಾಪುರದವಳು ಆಂಟಿ, ಕನ್ನಡ ಮಾತಾಡ್ತಾ ಇದ್ದೀನಲ್ಲ” ಅಂದರೆ, “ಎಷ್ಟು ಚೆನ್ನಾಗಿ ಕಲ್ತಿದ್ದೀಯಮ್ಮ!” ಅಂತ ಹೊಗಳಿದರಂತೆ. ಇದನ್ನವಳು ನಗುತ್ತಾ ಹೇಳುತ್ತಾಳೆ. ನಮ್ಮ ತರಗತಿಯಲ್ಲಿ ಅತಿ ಚೆನ್ನಾಗಿ ಕನ್ನಡ ಬರೆಯುವವಳು ಅವಳೇ. ನಾಲ್ಕುನೂರು ವರ್ಷ ಹಿಂದೆ ಇದೇ ನೆಲದಲ್ಲಿ, ಇಬ್ರಾಹಿಂ ಇನ್ನೂ ಬಾಲಕನಾಗಿದ್ದಾಗ, ದಿಲಾವರ್ ಖಾನ್ ಎಂಬ ಹಬ್ಶಿ 1582ರಿಂದ ಸುಮಾರು ಎಂಟು ವರ್ಷ ಬಿಜಾಪುರ ರಾಜ್ಯವನ್ನೇ ನಡೆಸಿದ. ಪಠ್ಯಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲು ಇದ್ದಿದ್ದರೂ ಪಿಜಿ ಆಂಟಿಯ ಪ್ರಶ್ನೆ ಬೇರೆ ಇರುತ್ತಿತ್ತೇನೋ.

ಕಾನೂನಿನ ಕಥೆ ಚುಟುಕಾಗಿ. ಯುದ್ಧದ ಗುಲಾಮರದು ಒಂದು ಬಗೆಯಾದರೆ, ಕೊಡಗು, ದಕ್ಷಿಣ ಕನ್ನಡಗಳಲ್ಲಿ ಜಮೀನು ಮಾರುವಾಗ ಅದರ ಜೊತೆಗೇ ಆಳುಗಳನ್ನೂ ಮಾರುವುದು ಇನ್ನೊಂದು ಬಗೆ. ಅಲ್ಲಿ ಸೇನಾಪತಿಯಾಗುವ ಏಣಿ ಇರಲಿಲ್ಲ. ಬ್ರಿಟಿಷ್ ಭಾರತದಲ್ಲಿ 1843ರ ಐದನೇ ಕಾಯ್ದೆ ಬಂದು, ಗುಲಾಮ ಎಂಬ ಹಕ್ಕನ್ನು ಕೋರ್ಟುಗಳು ಇನ್ನು ಒಪ್ಪುವುದಿಲ್ಲ ಅಂದಿತು. ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಅನ್ನಲಿಲ್ಲ, ಅದಕ್ಕೆ ದಂಡಸಂಹಿತೆ ಬರಬೇಕಾಯ್ತು. 1873ರಲ್ಲಿ ಜೋತಿಬಾ ಫುಲೆ ‘ಗುಲಾಮಗಿರಿ’ ಬರೆದು, ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂದರೆ ಡಗ್ಲಾಸನ ಹೋರಾಟದ ಬಿಸಿ ದಖ್ಖನಿಗೂ ತಲುಪಿತ್ತು.

ಕೊನೆಯ ಕಾಯ್ದೆ 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ. ಇದು ಮಾಕಳಿಯಲ್ಲಿ ಓದುವ ನಮಗೂ ಬೇಕಾದದ್ದು. ಮುಂಗಡ ಸಾಲ ಕೊಟ್ಟು, ಅದು ತೀರುವವರೆಗೆ ಬಿಡಲ್ಲ ಅಂತ ದುಡಿಸಿಕೊಂಡರೆ ಅದು ಜೀತ. ಅದು ಹೊಲದಲ್ಲೇ ಆಗಬೇಕಿಲ್ಲ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕೋಳಿ ಫಾರಂ, ಎಲ್ಲಾದರೂ. ಕಾಯ್ದೆ ಪ್ರಕಾರ ಆ ಸಾಲ ಅಲ್ಲಿಗೇ ರದ್ದು. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಕಚೇರಿಗೆ ದೂರು ಕೊಟ್ಟರೆ ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡಬೇಕು. 2016ರ ಕೇಂದ್ರ ಯೋಜನೆಯಂತೆ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವಿದೆ. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಜೈಲು, 2000 ರೂಪಾಯಿವರೆಗೆ ದಂಡ. ಹೌದು, ಎರಡೇ ಸಾವಿರ. 1976ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು, ಈಗ ನಮ್ಮ ಒಂದು ಪಠ್ಯಪುಸ್ತಕದ ಬೆಲೆ. ಯಾರಾದರೂ ತಿದ್ದಬೇಕು.

ಹೋಗುವವರಿಗೆ ಕೆಲವು ಮಾತು. ಶಿರಾ ಒಂದು ದಿನದ ಕೆಲಸ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ವಿಜಯಪುರಕ್ಕೆ ರಾತ್ರಿ ಬಸ್ ಹಿಡಿದರೆ ಚಿತ್ರದುರ್ಗ, ಹೊಸಪೇಟೆ, ಇಳಕಲ್ ಮೇಲೆ ಬೆಳಿಗ್ಗೆ ತಲುಪುತ್ತೀರಿ. ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ, ಕಲ್ಲು ಕಾದು ಕಾಲಿಡೋಕೆ ಆಗಲ್ಲ. ನಾಲ್ಕು ದಿನ ಸಿಕ್ಕರೆ 52ನೇ ರಾಷ್ಟ್ರೀಯ ಹೆದ್ದಾರಿಯ ಮ್ಯಾಪ್ ತೆಗೆದು ನೋಡಿ. ಅಂಕೋಲಾದಿಂದ ಹೊರಟು ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ದಾಟಿ ಅದು ಔರಂಗಾಬಾದಿಗೆ ಹೋಗುತ್ತೆ. ಈಗ ಅದರ ಹೆಸರು ಛತ್ರಪತಿ ಸಂಭಾಜಿನಗರ. 1610ರಲ್ಲಿ ಅಂಬರ್ ಕಟ್ಟಿದಾಗ ಖಡ್ಕಿ ಅಂತಿತ್ತು. ಊರಿಗೆ ಬೆಟ್ಟದಿಂದ ನೆಲದೊಳಗೇ ನೀರು ಹರಿಸಿ ತಂದ ಅವನ ನಹರ್ ಅಲ್ಲಿದೆ, ಪಂಪ್ ಇಲ್ಲದೆ ಬರೀ ಇಳಿಜಾರಿನ ಲೆಕ್ಕದಲ್ಲಿ ಮಾಡಿದ್ದು. ಹತ್ತಿರದ ಖುಲ್ದಾಬಾದಿನಲ್ಲಿ ಅವನದೂ ಅವನ ಹೆಂಡತಿ ಬೀಬಿ ಕರೀಮಾಳದೂ ಗೋರಿಗಳಿವೆ. ಸಿದ್ದಿಗಳ ಕಾಡಿನಿಂದ ಅಂಬರನ ಗೋರಿಯ ಹತ್ತಿರದವರೆಗೆ ಒಂದೇ ರಸ್ತೆ.

ಮುಂದಿನ ರಜೆಗೆ ನಾವು ಹೊರಡೋದು ಆ ರಸ್ತೆಯಲ್ಲೇ. ಮೊದಲ ರಾತ್ರಿ ಯಲ್ಲಾಪುರದಲ್ಲಿ, ಗೆಳತಿಯ ಮನೆಯಲ್ಲಿ. ಆರು ಜನಕ್ಕಿಂತ ಹೆಚ್ಚು ಬಂದರೆ ಚಾಪೆ ನೀವೇ ತರಬೇಕು ಅಂತ ಅವಳ ಅವ್ವ ಹೇಳಿ ಕಳಿಸಿದ್ದಾರೆ.